ನಿಂತಿದ್ದವರ ಪಟ್ಟಿ

ಹೊಸ ಬಸ್ಸು ಬಂದ ದಿನ ಮಳೆ ಸುರಿಯುತ್ತಿತ್ತು ಎಂದು ಮೊದಲು ಬರೆದಿದ್ದೆ. ಆ ಸಾಲನ್ನು ಈಗ ಹೊಡೆದುಹಾಕಿದ್ದೇನೆ. ಅವತ್ತಿನ ಫೋಟೋಗಳು ನನ್ನ ಫೋನಿನಲ್ಲಿವೆ. ಅವುಗಳಲ್ಲಿ ಎಲ್ಲರೂ ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡು ನಿಂತಿದ್ದಾರೆ. ಆದರೂ ಆ ದಿನವನ್ನು ನೆನೆದಾಗಲೆಲ್ಲ ನನಗೆ ಮಳೆಯೇ ಬರುತ್ತದೆ. ನಾಚಿಕೆಯ ಸಂಗತಿ ಇದ್ದ ಕಡೆ ನನ್ನ ನೆನಪು ಹೀಗೆ ಸ್ವಲ್ಪ ನೀರು ಹೊಯ್ದು ಮಸುಕು ಮಾಡುತ್ತದೆ. ಅದಕ್ಕಾಗಿ ಇಲ್ಲಿ ಮಳೆ ಬರಕೂಡದು ಎಂದು ನನಗೆ ನಾನೇ ಹೇಳಿಕೊಂಡು ಮತ್ತೆ ಶುರು ಮಾಡುತ್ತಿದ್ದೇನೆ.

ನನ್ನ ಮನೆ ಯಸಳೂರಿನಲ್ಲಿ. ಸಕಲೇಶಪುರದ ಒಂದು ಕಾಲೇಜಿನಲ್ಲಿ ಕನ್ನಡ ಪಾಠ ಹೇಳುತ್ತೇನೆ. ಅಣ್ಣ, ಅತ್ತಿಗೆ ಇರುವುದು ಯಸಳೂರಿನಿಂದ ಸಕಲೇಶಪುರದ ಕಡೆಗೆ ಹೊರಟರೆ ಅರ್ಧ ಗಂಟೆಯ ದಾರಿಯಲ್ಲಿ, ಬಸರಿಮರದ ತಿರುವು ಎಂದು ನಾವು ಕರೆಯುವ ಜಾಗದಲ್ಲಿ. ತಿರುವಿನಲ್ಲಿ ಒಂದು ಮೋರಿ, ಮೋರಿಗೆ ಎರಡು ಕಲ್ಲು ಕಟ್ಟೆ. ಅಲ್ಲಿಂದ ಕಾಫಿ ತೋಟದೊಳಗೆ ಏರು ಹತ್ತಿದರೆ ಹತ್ತು ಹನ್ನೆರಡು ಮನೆ. ಬಸರಿಮರ ಈಗಿಲ್ಲ. ನಾನು ಹುಟ್ಟಿದಾಗಲೂ ಇತ್ತೋ ಇಲ್ಲವೋ ಗೊತ್ತಿಲ್ಲ.

ಅತ್ತಿಗೆ ನಮ್ಮ ಮನೆಗೆ ಬಂದಾಗ ನಾನು ಆರನೇ ಕ್ಲಾಸಿನಲ್ಲಿದ್ದೆ. ಹಾಗಾಗಿ ನನಗೆ ಎಷ್ಟು ನರೆ ಬಂದರೂ ಅವರು ನನ್ನನ್ನು ಏಕವಚನದಲ್ಲೇ ಕರೆಯುವುದು. ಹೆಂಗಸರಿಗೆ ಬಸ್ಸಿನಲ್ಲಿ ದುಡ್ಡಿಲ್ಲದೆ ಓಡಾಡುವ ಕಾಲ ಬಂದ ವರ್ಷ ಅವರು ಸಕಲೇಶಪುರದ ಒಂದು ಕಾಫಿ ಕ್ಯೂರಿಂಗ್ ವರ್ಕ್ಸಿಗೆ ಬೀಜ ಆರಿಸುವ ಕೆಲಸಕ್ಕೆ ಸೇರಿದರು. ನಲವತ್ತೈದು ದಾಟಿದ ಮೇಲೆ ಮೊದಲ ಸಲ ಹೊರಗಿನ ಕೆಲಸ. ಉದ್ದದ ಮೇಜಿನ ಮುಂದೆ ಸಾಲಾಗಿ ಕೂತು, ಕಪ್ಪು ಬೀಜ, ಒಡೆದ ಬೀಜ, ಹುಳ ಕೊರೆದ ಬೀಜ ತೆಗೆದು ಪಕ್ಕಕ್ಕಿಡಬೇಕು. ಅತ್ತಿಗೆಗೆ ಅದು ಎಷ್ಟು ಒಲಿಯಿತೆಂದರೆ, ಮಾತಾಡುತ್ತಾ ಬೇರೆ ಕಡೆ ನೋಡುತ್ತಿದ್ದರೂ ಬೆರಳು ತಾನಾಗಿ ಕೆಟ್ಟ ಬೀಜ ಹಿಡಿಯುತ್ತಿತ್ತಂತೆ. ಈ "ಅಂತೆ" ಅವರದೇ ಮಾತು, ಅವರು ತಮ್ಮ ಬಗ್ಗೆ ತಾವೇ ಹೇಳಿಕೊಂಡದ್ದು. ಹಾಗೆ ಹೆಮ್ಮೆಯಿಂದ ಹೇಳಿಕೊಳ್ಳುವುದನ್ನು ಅದಕ್ಕೆ ಮೊದಲು ನಾನು ಕೇಳಿರಲಿಲ್ಲ.

ಹಳೇ ಬಸ್ಸು ಬೆಳಿಗ್ಗೆ ಎಂಟಕ್ಕೆ ಯಸಳೂರು ಬಿಟ್ಟು ಒಂಬತ್ತು ಇಪ್ಪತ್ತಕ್ಕೆ ಸಕಲೇಶಪುರ ಸೇರುತ್ತಿತ್ತು. ಅತ್ತಿಗೆಯ ಕೆಲಸ ಒಂಬತ್ತೂವರೆಗೆ, ಅವರಿಗೆ ಅದು ಸರಿಹೋಗುತ್ತಿತ್ತು. ನನ್ನ ಕಾಲೇಜಿನಲ್ಲಿ ಹಾಜರಿಗೆ ಹೆಬ್ಬೆಟ್ಟಿನ ಯಂತ್ರ ಹಾಕಿದ್ದರು. ಒಂಬತ್ತೂಕಾಲರ ಒಳಗೆ ಹೆಬ್ಬೆಟ್ಟು ಒತ್ತಿದರೆ ಹಸಿರು, ಆಮೇಲೆ ಒತ್ತಿದರೆ ಕೆಂಪು. ಐದು ನಿಮಿಷ. ನಾನು ಆ ಐದು ನಿಮಿಷವನ್ನು ಬಸ್ಸಿನಲ್ಲಿ ಕೂತು ಹುಡುಕುತ್ತಿದ್ದೆ, ಎಲ್ಲಿ ಸೋರಿಹೋಗುತ್ತಿದೆ ಎಂದು. ಅದು ಸೋರುತ್ತಿದ್ದದ್ದು ಬಸರಿಮರದ ತಿರುವಿನಲ್ಲಿ.

ಅಲ್ಲಿ ಯಾರೂ ರಸ್ತೆಗೆ ಬಂದು ನಿಂತು ಬಸ್ಸು ಕಾಯುವುದಿಲ್ಲ. ಆನೆ ದಾಟುವ ಜಾಗ ಅದು. ರಾತ್ರಿಯೆಲ್ಲ ಕೆಳಗಿನ ಗದ್ದೆಯಲ್ಲಿ ಮೇದ ಆನೆಗಳು ಬೆಳಿಗ್ಗೆ ಯಾವ ಹೊತ್ತಿಗೆ ಮೇಲಿನ ಎಸ್ಟೇಟಿಗೆ ಹತ್ತುತ್ತವೆ ಎಂದು ಹೇಳಲಾಗುವುದಿಲ್ಲ. ಅದಕ್ಕೆ ಅಲ್ಲಿಯವರು ಒಂದು ರೂಢಿ ಮಾಡಿಕೊಂಡಿದ್ದರು. ಡೈರಿಗೆ ಹಾಲು ಹಾಕಲು ಬೈಕಿನಲ್ಲಿ ಇಳಿಯುವ ಗಂಡಸರು ಮನೆ ಹೆಂಗಸರ ಚೀಲಗಳನ್ನು ತಂದು ಮೋರಿಯ ಕಟ್ಟೆಯ ಮೇಲೆ ಇಟ್ಟುಹೋಗುತ್ತಿದ್ದರು. ಚೀಲ ನೆಟ್ಟಗೆ ನಿಂತಿದ್ದರೆ ಅದರವರು ಬರುತ್ತಾರೆ ಎಂದು ಅರ್ಥ. ಮಲಗಿಸಿದ್ದರೆ ಬರುವುದಿಲ್ಲ, ಆದರೆ ಸಕಲೇಶಪುರದಿಂದ ಏನೋ ತರಬೇಕಾಗಿದೆ, ಚೀಟಿ ಒಳಗಿದೆ ಎಂದು ಅರ್ಥ. ಬಸ್ಸು ಬಂದು ನಿಂತು ಎರಡು ಸಲ ಹಾರ್ನ್ ಹೊಡೆದರೆ ಮೇಲಿಂದ ಹೆಂಗಸರು ಒಟ್ಟಾಗಿ ಇಳಿದು ಬರುತ್ತಿದ್ದರು. ಅಷ್ಟರಲ್ಲಿ ಕಂಡಕ್ಟರು ಚೀಲಗಳನ್ನು ಎತ್ತಿ ಸೀಟುಗಳ ಮೇಲೆ ಇಟ್ಟಿರುತ್ತಿದ್ದ. ಯಾವ ಚೀಲ ಯಾರದೆಂದು ಅವನಿಗೆ ಗೊತ್ತಿತ್ತು.

"ನೀಲಿ ಚೀಲದೋರು ಇನ್ನೂ ಬಂದಿಲ್ಲ ಕಣ್ರವ್ವ! ಬೇಗ ಇಳೀರಿ, ಮೇಷ್ಟ್ರ ಹೆಬ್ಬೆಟ್ಟು ಒಣಗೋಗ್ತಾ ಐತೆ!" ಎಂದು ಅವನು ಬಾಗಿಲಲ್ಲಿ ನೇತಾಡುತ್ತಾ ಕೂಗುತ್ತಿದ್ದ.

ನೀಲಿ ಚೀಲ ಅತ್ತಿಗೆಯದು. ಏದುಸಿರು ಬಿಡುತ್ತಾ ಹತ್ತಿ, ಆಧಾರ್ ಕಾರ್ಡನ್ನು ಕಂಡಕ್ಟರನ ಮೂಗಿನ ಹತ್ತಿರ ಹಿಡಿದು, "ಒಣಗ್ಲಿ ಬುಡಣ್ಣೋ, ಕಣದಲ್ಲಿ ಕಾಫಿ ಜೊತೆ ಹರವಿದ್ರಾಯ್ತು" ಎನ್ನುತ್ತಿದ್ದರು. ಬಸ್ಸಿಗೆ ಬಸ್ಸೇ ನಗುತ್ತಿತ್ತು. ನಾನೂ ನಗುತ್ತಿದ್ದೆ. ಅಥವಾ ನಕ್ಕಿದ್ದೆ ಎಂದು ಈಗ ಅಂದುಕೊಳ್ಳುತ್ತಿದ್ದೇನೆ. ಗಡಿಯಾರ ನೋಡಿಕೊಂಡದ್ದು ಮಾತ್ರ ಖಚಿತ.

ಹೊಸ ಬಸ್ಸಿಗೆ ಅರ್ಜಿ ಬರೆದವನು ನಾನು. ಊರಿನಲ್ಲಿ ಅರ್ಜಿ ಬರೆಯುವ ಕೆಲಸ ಕನ್ನಡ ಮೇಷ್ಟರಿಗೆ ತಾನಾಗಿ ಬರುತ್ತದೆ. ಹಳೇ ಬಸ್ಸಿನ ನೆಲದಲ್ಲಿ ತೂತಿದ್ದದ್ದು ನಿಜ, ಏರಿನಲ್ಲಿ ನಿಂತುಹೋಗುತ್ತಿದ್ದದ್ದು ನಿಜ, ಕಾಲೇಜಿನ ಹುಡುಗಿಯರು ಮೊದಲ ಪೀರಿಯಡ್ಡು ತಪ್ಪಿಸಿಕೊಳ್ಳುತ್ತಿದ್ದದ್ದು ನಿಜ. ಇವನ್ನೆಲ್ಲ ಬರೆದೆ. ನನ್ನ ಹೆಬ್ಬೆಟ್ಟಿನ ಬಗ್ಗೆ ಬರೆಯಲಿಲ್ಲ. ಊರಿನವರೆಲ್ಲ ಸಹಿ ಮಾಡಿದರು. ಅತ್ತಿಗೆಯೂ ಮಾಡಿದರು, ಅಕ್ಷರ ಕೂಡಿಸಿಕೊಂಡು, ನಿಧಾನವಾಗಿ.

ಬಸ್ ಡಿಪೋದಲ್ಲಿ ಅರ್ಜಿ ತೆಗೆದುಕೊಂಡ ಅಧಿಕಾರಿ ಒಳ್ಳೆಯ ಮನುಷ್ಯ. ನನ್ನನ್ನು ಕೂರಿಸಿ ಚಹಾ ತರಿಸಿದರು.

"ಸಾರ್, ಹೊಸ ಬಸ್ಸು ಬರ್ತಾ ಇವೆ, ಒಂದು ನಿಮ್ಮ ಕಡೆಗೆ ಹಾಕಿಸಬಹುದು. ಆದರೆ ಕಂಡಕಂಡಲ್ಲಿ ನಿಲ್ಲೋ ಹಾಗಿಲ್ಲ. ಸ್ಟಾಪುಗಳ ಪಟ್ಟಿ ಬೇಕು, ಎಲ್ಲೆಲ್ಲಿ ಎಷ್ಟು ಜನ ನಿಂತಿರ್ತಾರೆ ಅನ್ನೋದು ಬೇಕು. ಎಣಿಸಕ್ಕೆ ನನ್ನ ಹತ್ರ ಜನ ಇಲ್ಲ. ನೀವು ದಿನಾ ಅದೇ ಬಸ್ಸಲ್ಲಿ ಬರ್ತೀರಿ, ಓದಿದವರು. ಒಂದು ವಾರ ಬರೆದುಕೊಡ್ತೀರಾ?"

ಫಾರಂ ಕೊಟ್ಟರು. ಎಡಗಡೆ ನಿಲ್ದಾಣದ ಹೆಸರು, ನಾನೇ ತುಂಬಬೇಕು. ಮುಂದೆ ಆರು ದಿನಕ್ಕೆ ಆರು ಮನೆ. ಮೇಲೆ ಅಚ್ಚಾಗಿದ್ದ ಮಾತು: ನಿಂತು ಕಾಯುತ್ತಿದ್ದ ಪ್ರಯಾಣಿಕರ ಸಂಖ್ಯೆ.

ಬಸರಿಮರದ ತಿರುವಿನ ಮುಂದೆ ನಾನು ಆರೂ ದಿನ ಸೊನ್ನೆ ಬರೆದೆ.

ಇದನ್ನು ನನಗೆ ನಾನೇ ಹೇಳಿಕೊಂಡ ಬಗೆಗಳು ಬೇರೆ ಬೇರೆ. ಬಹಳ ದಿನ ಹೀಗೆ ಹೇಳಿಕೊಂಡೆ: ಫಾರಂ ಕೇಳಿದ್ದು ನಿಂತವರನ್ನು, ಅಲ್ಲಿ ನಿಂತಿದ್ದದ್ದು ಚೀಲಗಳು, ಜನವಲ್ಲ, ನಾನು ಕಂಡದ್ದನ್ನೇ ಬರೆದೆ. ಮೇಷ್ಟರಿಗೆ ತಕ್ಕ ಉತ್ತರ. ಆಮೇಲೆ ಇನ್ನೊಂದು ಬಂತು: ನಾನು ಯಾವಾಗಲೂ ಬಲಗಡೆ ಕಿಟಕಿಯಲ್ಲಿ ಕೂರುವವನು, ಮೋರಿ ಇರುವುದು ಎಡಗಡೆ, ಸರಿಯಾಗಿ ನೋಡಿರಲಿಲ್ಲ. ಇದು ಸುಳ್ಳೆಂದು ನನಗೇ ಗೊತ್ತಾಗುತ್ತಿತ್ತು. ಆದರೂ ನೆನಪು ಕೂಡಲೇ ಬಲಗಡೆಯ ಕಿಟಕಿ, ಅದರ ಸರಳು, ಸರಳಿನ ತುಕ್ಕು ಎಲ್ಲವನ್ನೂ ಒದಗಿಸಿಕೊಟ್ಟಿತು. ವಿವರಗಳು ಹೆಚ್ಚಾದಷ್ಟೂ ನೆನಪು ನಿಜವೆನ್ನುವವರನ್ನು ನಾನು ನಂಬುವುದಿಲ್ಲ.

ಕಳೆದ ವರ್ಷ ಫೋನಿನಲ್ಲಿ ಜಾಗ ಸಾಲದೆ ಹಳೆಯ ಫೋಟೋ ಅಳಿಸುತ್ತಿದ್ದಾಗ ಆ ಫಾರಮ್ಮಿನ ಫೋಟೋ ಸಿಕ್ಕಿತು. ಅಧಿಕಾರಿಗೆ ಕೊಡುವ ಮೊದಲು ತೆಗೆದುಕೊಂಡಿದ್ದೆನೇನೋ. ದೊಡ್ಡದು ಮಾಡಿ ನೋಡಿದೆ. ಸೋಮವಾರದ ಮನೆಯಲ್ಲಿ, ಬಸರಿಮರದ ತಿರುವಿನ ಮುಂದೆ, ನನ್ನದೇ ಕೈಯಲ್ಲಿ ಎಂಟು ಎಂದು ಬರೆದಿದೆ. ಅದರ ಮೇಲೆ ಒಂದು ಗೀಟು. ಪಕ್ಕದಲ್ಲಿ ಸೊನ್ನೆ. ಮಂಗಳವಾರದಿಂದ ಗೀಟಿನ ಅಗತ್ಯವೇ ಬಿದ್ದಿಲ್ಲ.

ಎಂಟು ಚೀಲ, ಎಂಟು ಜನ. ಎಣಿಸಿದ್ದೆ, ಬರೆದಿದ್ದೆ, ಆಮೇಲೆ ಹೊಡೆದಿದ್ದೆ. ಬರೆದದ್ದಕ್ಕೂ ಹೊಡೆದದ್ದಕ್ಕೂ ನಡುವೆ ಎಷ್ಟು ಹೊತ್ತಾಯಿತು, ಬಸ್ಸು ಆಗ ಎಲ್ಲಿತ್ತು, ನನಗೆ ನೆನಪಿಲ್ಲ. ಅಲ್ಲಿ ನೆನಪು ಏನನ್ನೂ ಒದಗಿಸುವುದಿಲ್ಲ, ಮಳೆಯನ್ನು ಕೂಡ.

ಹೊಸ ಬಸ್ಸು ಬಂತು. ಮುಂದೆ ಬಾಳೆಕಂದು ಕಟ್ಟಿ, ಗಾಜಿಗೆ ಕುಂಕುಮ ಹಚ್ಚಿ, ಚಕ್ರದಡಿ ನಿಂಬೆಹಣ್ಣಿಟ್ಟು ಯಸಳೂರಿನಿಂದ ಹೊರಡಿಸಿದರು. ಬಾಗಿಲು ತಾನಾಗಿ ತೆರೆಯುತ್ತಿತ್ತು, ತಾನಾಗಿ ಮುಚ್ಚುತ್ತಿತ್ತು. ಮುಂದುಗಡೆ ಕೆಂಪು ಅಕ್ಷರ ಓಡುತ್ತಿದ್ದವು. ಒಳಗೆ ಒಬ್ಬ ಹೆಂಗಸಿನ ನಯವಾದ ಧ್ವನಿ, "ಮುಂದಿನ ನಿಲ್ದಾಣ" ಎಂದು ಹೇಳಿ ಹೆಸರು ಹೇಳುತ್ತಿತ್ತು. ನಾನು ಬರೆದುಕೊಟ್ಟ ಪಟ್ಟಿಯನ್ನೇ ಅವಳು ಓದುತ್ತಿದ್ದಳು. ನನಗೊಂದು ಹಾರ ಹಾಕಿದರು. ಅತ್ತಿಗೆ ಕೆಲಸಕ್ಕೆ ರಜೆ ಹಾಕಿ, ಅಣ್ಣನ ಬೈಕಿನಲ್ಲಿ ಯಸಳೂರಿಗೆ ಬಂದಿದ್ದರು, ಹೊಸ ಬಸ್ಸಿನಲ್ಲೇ ಮನೆಗೆ ಹೋಗಬೇಕೆಂದು. ಪಕ್ಕದಲ್ಲಿದ್ದವರಿಗೆಲ್ಲ, "ನಮ್ಮುಡುಗ ತಂದಿದ್ದು ಕಣ್ರೀ ಈ ಬಸ್ಸು" ಎನ್ನುತ್ತಿದ್ದರು.

ಬಸ್ಸು ತಿರುವಿನಲ್ಲಿ ನಿಲ್ಲಲಿಲ್ಲ. ಅತ್ತಿಗೆ ಎದ್ದು ಚೀಲ ಹಿಡಿದು ಬಾಗಿಲ ಹತ್ತಿರ ಹೋಗಿದ್ದರು. ಮೋರಿ ಹಿಂದೆ ಸರಿದುಹೋಯಿತು.

"ಅಯ್ಯೋ, ನಮ್ಮೂರು ಹೋಗ್ಬುಡ್ತಲ್ಲೋ!"

"ಇಲ್ಲಿ ಸ್ಟಾಪಿಲ್ಲಮ್ಮ, ಮುಂದೆ ಸ್ಕೂಲ್ ಗೇಟಲ್ಲಿ ಇಳ್ಕೊಳಿ" ಎಂದ ಹೊಸ ಕಂಡಕ್ಟರು.

ಶಾಲೆಯ ಗೇಟು ಅಲ್ಲಿಂದ ಒಂದೂವರೆ ಮೈಲಿ. ಅಲ್ಲಿ ಇಳಿಯುವಾಗ ಅತ್ತಿಗೆ ನನ್ನ ಕಡೆ ತಿರುಗಿ ನಕ್ಕು, "ಹೊಸದಲ್ವಾ, ಇನ್ನೂ ದಾರಿ ಗೊತ್ತಿಲ್ಲ ಪಾಪ" ಎಂದರು. ಬಸ್ಸಿನ ಬಗ್ಗೆ ಹೇಳಿದರು, ಹೊಸದಾಗಿ ತಂದ ಕರುವಿನ ಬಗ್ಗೆ ಹೇಳುವ ಹಾಗೆ. ನಾನು ಹಾರವನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತಿದ್ದೆ. ಹೌದೌದು ಎಂದೆ.

ಹೊಸ ಬಸ್ಸು ಕೆಟ್ಟದ್ದು ಎಂದು ನಾನು ಹೇಳಲಾರೆ. ಒಂಬತ್ತಕ್ಕೆ ಸಕಲೇಶಪುರ ಮುಟ್ಟುತ್ತದೆ. ಹುಡುಗಿಯರು ಮೊದಲ ಪೀರಿಯಡ್ಡಿಗೆ ಕೂತಿರುತ್ತಾರೆ. ಆಸ್ಪತ್ರೆಗೆ ಹೋಗುವ ಬಸುರಿ ಹೆಂಗಸರು ಸೀಟಿನ ಕಂಬಿ ಹಿಡಿದು ಹಲ್ಲು ಕಚ್ಚಿಕೊಂಡು ಕೂರಬೇಕಾಗಿಲ್ಲ. ನನ್ನ ಹೆಬ್ಬೆಟ್ಟು ದಿನಾ ಹಸಿರು. ಬಸ್ಸು ಬಸರಿಮರದ ತಿರುವನ್ನು ದಾಟುವುದಕ್ಕೆ ಈಗ ಎಷ್ಟು ಹೊತ್ತು ಬೇಕೆಂದು ಒಂದು ದಿನ ಎಣಿಸಿದೆ. ನಾಲ್ಕು ಎಣಿಸುವುದರೊಳಗೆ ಮುಗಿಯಿತು.

ಮೊದಲ ಕೆಲವು ದಿನ ಚೀಲಗಳು ಕಟ್ಟೆಯ ಮೇಲೆ ಇದ್ದವು. ಹೊಸ ಡ್ರೈವರಿಗೆ ಅದು ಯಾರೋ ಮರೆತುಹೋದ ಸಾಮಾನು. ಒಂದು ದಿನ ಯಾರೋ ಇಳಿದು ವಿಚಾರಿಸಿದರಂತೆ, ರಸ್ತೆಯಲ್ಲಿ ಹೀಗೆ ಚೀಲ ಬಿಟ್ಟುಹೋಗಬಾರದು ಎಂದರಂತೆ. ಆಮೇಲೆ ಎಂಟೂ ಜನ ಶಾಲೆಯ ಗೇಟಿಗೆ ನಡೆಯತೊಡಗಿದರು. ಆನೆ ಎಲ್ಲಿದೆ ಎಂದು ಬೆಳಿಗ್ಗೆ ಅರಣ್ಯ ಇಲಾಖೆಯಿಂದ ಫೋನಿಗೆ ಮೆಸೇಜು ಬರುತ್ತದೆ. ಅದನ್ನು ಓದಿ, ಒಬ್ಬರು ಮುಂದೆ ಒಬ್ಬರು ಹಿಂದೆ ಜೋರಾಗಿ ಮಾತಾಡುತ್ತಾ, ತಟ್ಟೆ ಬಡಿಯುತ್ತಾ ಹೋಗುತ್ತಿದ್ದರು. ಕಿಟಕಿಯಿಂದ ನಾನು ಅವರನ್ನು ಹಲವು ಸಲ ನೋಡಿದೆ. ಬಸ್ಸು ಅವರನ್ನು ದಾಟಿ ಮುಂದೆ ಹೋಗಿ ಗೇಟಿನಲ್ಲಿ ನಿಂತರೆ, ಅವರು ಸೆರಗು ಸೊಂಟಕ್ಕೆ ಸಿಕ್ಕಿಸಿ ಓಡುತ್ತಿದ್ದರು. ಕೆಲವು ದಿನ ಸಿಗುತ್ತಿತ್ತು, ಕೆಲವು ದಿನ ಬಾಗಿಲು ತಾನಾಗಿ ಮುಚ್ಚಿಕೊಳ್ಳುತ್ತಿತ್ತು.

ಭಾನುವಾರ ನಾನು ಅಣ್ಣನ ಮನೆಗೆ ಹೋದಾಗ ಅತ್ತಿಗೆ ಡಿಪೋದವರನ್ನು ಬೈಯುತ್ತಿದ್ದರು.

"ಯಾವ ಕಣ್ಣಿಲ್ದೋನು ಮಾಡ್ದ ಮಾರಾಯ ಈ ಪಟ್ಟಿನ? ಎಂಟು ಜನ ಹೆಂಗಸ್ರು ಕಾಣ್ಲಿಲ್ವಾ ಅವ್ನಿಗೆ? ಅವ್ನ ಹೆಂಡ್ತಿನ ಒಂದಿನ ಈ ದಾರೀಲಿ ನಡೆಸ್ಬೇಕು ಕಣೋ, ಆನೆ ಹಿಂದೆ ಬುಟ್ಟು."

ಅಣ್ಣ ಬೀಡಿ ಹಚ್ಚುತ್ತಾ, "ಆನೇನೇ ಹೆದ್ರುತೈತೆ ಬುಡು, ನಿಮ್ ಬಾಯಿಗೆ" ಎನ್ನುತ್ತಿದ್ದ.

ನಾನು ಕಾಫಿ ಕುಡಿಯುತ್ತಾ ಕೂತಿರುತ್ತಿದ್ದೆ. ಹೇಳಬಹುದಾಗಿದ್ದ ಭಾನುವಾರಗಳು ಎಂಟೋ ಒಂಬತ್ತೋ ಸಿಕ್ಕವು. ಅಧಿಕಾರಿಯ ಹತ್ತಿರ ಹೋಗಿ ಸದ್ದಿಲ್ಲದೆ ಸರಿಪಡಿಸಿದರೆ ಹೇಳುವ ಅಗತ್ಯವೇ ಬೀಳುವುದಿಲ್ಲ ಎಂದು ಲೆಕ್ಕ ಹಾಕಿದ್ದೆ. ಹೋಗಲು ಮಾತ್ರ ಪರೀಕ್ಷೆ ಮುಗಿಯಲಿ, ವ್ಯಾಲ್ಯುಯೇಷನ್ ಮುಗಿಯಲಿ ಎನ್ನುತ್ತಿದ್ದೆ.

ಅಷ್ಟರಲ್ಲಿ ಒಂದು ಬೆಳಿಗ್ಗೆ ಆನೆಗಳು ರಸ್ತೆಯ ಮೇಲೇ ನಿಂತಿದ್ದವು, ಮರಿಯೊಂದಿಗೆ ನಾಲ್ಕು. ಹೆಂಗಸರು ತೋಟದೊಳಗೆ ಓಡಿ ಯಾರದೋ ಕಾಫಿ ಸ್ಟೋರಿನಲ್ಲಿ ಬಾಗಿಲು ಹಾಕಿಕೊಂಡು ಕೂತರು. ಯಾರಿಗೂ ಏನೂ ಆಗಲಿಲ್ಲ. ಅತ್ತಿಗೆಯ ಚೀಲವನ್ನು ಮಾತ್ರ ಆನೆ ಎತ್ತಿ ಊಟದ ಡಬ್ಬಿ ತುಳಿದುಹಾಕಿತು. ಇದನ್ನು ಅವರು ತಮಾಷೆಯಾಗಿಯೇ ಹೇಳಿದರು, "ಉಪ್ಪಿಟ್ಟು ಅವಕ್ಕೂ ಸೇರ್ಲಿಲ್ಲ ಕಣೋ" ಎಂದು. ಆದರೆ ಅದರ ಮಾರನೆ ದಿನವೂ ಹೋಗಲಾಗಲಿಲ್ಲ, ಅದರ ಮಾರನೆ ದಿನವೂ. ಅದಕ್ಕೆ ಮೊದಲೇ ತಡವಾದ ದಿನಗಳು ಬಹಳವಿದ್ದವು. ಕ್ಯೂರಿಂಗ್ ವರ್ಕ್ಸಿನ ಮೇಸ್ತ್ರಿ, ದಿನಾ ಸರಿಯಾಗಿ ಬರುವವರು ಪೇಟೆಯಲ್ಲೇ ಸಿಗುತ್ತಾರೆ ಎಂದು ಹೇಳಿ ಅತ್ತಿಗೆಯ ಜಾಗಕ್ಕೆ ಇನ್ನೊಬ್ಬರನ್ನು ಕೂರಿಸಿದ. ಎಂಟು ಜನರಲ್ಲಿ ಮೂವರು ಕೆಲಸ ಬಿಟ್ಟರು. ಆ ಮೂವರಲ್ಲಿ ಅತ್ತಿಗೆ ಮಾತ್ರ ಬಿಟ್ಟದ್ದಲ್ಲ, ಬಿಡಿಸಿದ್ದು. ಈ ವ್ಯತ್ಯಾಸವನ್ನು ಯಾರಾದರೂ ಮರೆತರೆ ಅವರು ಕೂಡಲೇ ತಿದ್ದುತ್ತಾರೆ.

ಆಮೇಲೆ ಒಂದು ಭಾನುವಾರ ಅತ್ತಿಗೆ ಅಕ್ಕಿ ಆರಿಸುವಾಗ ನಾನು ನೋಡುತ್ತಾ ಕೂತಿದ್ದೆ. ಬೆರಳು ಅಷ್ಟೇ ವೇಗವಾಗಿ ಓಡುತ್ತಿತ್ತು. ಒಂದು ಸೇರು ಅಕ್ಕಿ, ಅರ್ಧ ನಿಮಿಷದಲ್ಲಿ ಮುಗಿಯಿತು. ಮುಗಿದ ಮೇಲೂ ಸ್ವಲ್ಪ ಹೊತ್ತು ಮೊರದ ಮೇಲೆ ಕೈ ಆಡುತ್ತಿತ್ತು. ಹೀಗೆ ಬರೆದದ್ದು ಎಷ್ಟು ಚೆನ್ನಾಗಿ ಕೂಡಿಬಂತೆಂದರೆ ನನಗೇ ಅನುಮಾನ ಬರುತ್ತದೆ. ಅರ್ಧ ನಿಮಿಷ ಸುಳ್ಳಿರಬೇಕು. ಕೈ ಆಡುತ್ತಿದ್ದದ್ದು ನಿಜ.

ಆಗ ಅಧಿಕಾರಿಯ ಹತ್ತಿರ ಹೋದೆ. ಎಣಿಕೆಯಲ್ಲಿ ತಪ್ಪಾಗಿದೆ ಎಂದೆ. ಯಾರ ತಪ್ಪು ಎಂದು ಅವರೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಕನ್ನಡದಲ್ಲಿ ಮಾಡಿದವನನ್ನು ಬಿಟ್ಟು ವಾಕ್ಯ ಮುಗಿಸುವುದು ಹೇಗೆಂದು ನಾನು ಮಕ್ಕಳಿಗೆ ಕಲಿಸುತ್ತೇನೆ.

"ಸಿಸ್ಟಮ್ಮಿಗೆ ಹೋಗಿಬಿಟ್ಟಿದೆ ಸಾರ್" ಎಂದರು ಅವರು. "ಹೊಸದಾಗಿ ಎಣಿಸಿ ಕೊಟ್ಟರೆ ಮೇಲೆ ಕಳಿಸ್ತೀನಿ. ಆರು ಜನವಾದರೂ ಇರಬೇಕು, ಅದಕ್ಕಿಂತ ಕಡಿಮೆ ಆದರೆ ವಾಪಸ್ ಬರುತ್ತೆ. ಬಸ್ಸನ್ನ ಒಂದು ದಿನ ಅಲ್ಲಿ ನಿಲ್ಲಿಸಕ್ಕೆ ಹೇಳ್ತೀನಿ, ಕಂಡಕ್ಟರು ಸಹಿ ಹಾಕ್ಲಿ. ಆದರೆ ಈ ಸಲ ಜನ ಕಣ್ಣಿಗೆ ಕಾಣೋ ಹಾಗೆ ನಿಂತಿರ್ಲಿ ಸಾರ್."

ಗೊತ್ತು ಮಾಡಿದ ಬೆಳಿಗ್ಗೆ ನಾನು ಅಣ್ಣನ ಮನೆಯಿಂದಲೇ ಇಳಿದುಬಂದು ಫಾರಂ ಹಿಡಿದು ಮೋರಿಯ ಹತ್ತಿರ ಕೂತೆ. ಅಣ್ಣ ಪಟಾಕಿ ಇಟ್ಟುಕೊಂಡು ತಿರುವಿನ ಆಚೆ ಕಾಯುತ್ತಿದ್ದ, ಆನೆ ಬಂದರೆ ಇರಲಿ ಎಂದು. ಕೆಲಸಕ್ಕೆ ಹೋಗುವ ಹೆಂಗಸರು ಒಬ್ಬೊಬ್ಬರಾಗಿ ಇಳಿದರು. ಐದು.

"ಇನ್ನೊಬ್ರು ಬೇಕಲ್ಲ ಮೇಷ್ಟ್ರೆ" ಎಂದಳು ಅವರಲ್ಲಿ ಚಿಕ್ಕವಳು. "ಇಲ್ಲಾಂದ್ರೆ ನನ್ ಚೀಲನೂ ಸೇರಿಸ್ಕಂಬುಡಿ."

ಎಲ್ಲರೂ ನಕ್ಕರು. ಬಸ್ಸಿನ ಸದ್ದು ಕೇಳಿಸಿತು. ಆಗ ಮೇಲಿಂದ ಅತ್ತಿಗೆ ಇಳಿದು ಬಂದರು. ಮನೆಯಲ್ಲಿ ಉಡುವ ಸೀರೆ, ಕೈಯಲ್ಲಿ ಏನೂ ಇಲ್ಲ, ಕಾಲಲ್ಲಿ ಕೊಟ್ಟಿಗೆಯ ಚಪ್ಪಲಿ. ನನ್ನ ಕಡೆ ನೋಡದೆ ಐವರ ಪಕ್ಕಕ್ಕೆ ಹೋಗಿ ನೆಟ್ಟಗೆ ನಿಂತರು.

ಬಸ್ಸು ನಿಂತಿತು. ಬಾಗಿಲು ತಾನಾಗಿ ತೆರೆಯಿತು. ಕಂಡಕ್ಟರು ಇಳಿದು ಬೆರಳು ಮಾಡಿ ಆರು ಎಣಿಸಿ ಸಹಿ ಹಾಕಿದ. ಐವರು ಹತ್ತಿದರು.

"ಹತ್ತಮ್ಮ, ಟೈಮಾಯ್ತು" ಎಂದ ಅವನು.

"ಎಲ್ಲಿಗ್ ಹತ್ಲಣ್ಣ? ನಾನು ನಿಲ್ಲಕ್ಕೆ ಬಂದೋಳು. ನಡಿ ನೀನು."

ಬಾಗಿಲು ಮುಚ್ಚಿ ಬಸ್ಸು ಹೋಯಿತು. ಆರು ಎಂದು ಬರೆದ ಆ ಫಾರಂ ಮೇಲಕ್ಕೆ ಹೋಗಿ, ಮಂಜೂರಾಗಿ, ಈಗ ಬಸ್ಸು ಅಲ್ಲಿ ನಿಲ್ಲುತ್ತದೆ. ಆ ಐವರು ಹತ್ತುತ್ತಾರೆ. ಆದರೆ ಅದು ಆಮೇಲಿನ ಮಾತು. ಅವತ್ತು ಮೋರಿಯ ಹತ್ತಿರ ಉಳಿದದ್ದು ನಾವಿಬ್ಬರೇ.

"ಬರ್ಕೊಂಡ್ಯಾ?" ಎಂದರು ಅತ್ತಿಗೆ.

"ಬರ್ಕೊಂಡೆ ಅತ್ತಿಗೆ. ಆರು."

"ಈಗ ಕಣ್ಣಿಗೆ ಕಾಣ್ತೀನಾ?"

ನನ್ನ ಕೈಯಲ್ಲಿದ್ದ ಪೆನ್ನಿನ ಕ್ಯಾಪು ಸಿಗಲಿಲ್ಲ. ಅದನ್ನು ಹುಡುಕುತ್ತಾ, ನಿಮಗೆ ಯಾರು ಹೇಳಿದರು ಎಂದು ಕೇಳಿದೆ.

"ಹಳೇ ಕಂಡಕ್ಟರಣ್ಣ. ಸಂತೆಯಾಗೆ ಸಿಕ್ಕಿದ್ದ. ನಾವು ನಡ್ಕೊಂಡ್ ಹೋಗಕ್ಕೆ ಶುರು ಮಾಡಿದ್ ವಾರನೇ. ಮೇಷ್ಟ್ರು ನನ್ ಪಕ್ಕದಾಗೇ ಕೂತು ಪಟ್ಟಿ ಬರೀತಿದ್ರು ಕಣವ್ವ, ನಾನೇ ನೋಡ್ದೆ ಅಂದ."

"ಮತ್ತೆ ಪ್ರತಿ ಭಾನುವಾರ ಡಿಪೋದವರನ್ನ ಬೈತಿದ್ರಲ್ಲ?"

"ನಿನ್ ಮುಂದೆ ಬೈತಿದ್ದೆ" ಎಂದರು. "ಎಷ್ಟು ದಿನ ಕಾಫಿ ಕುಡೀತಾ ಕೇಳಿಸ್ಕಂಡು ಕೂತಿರ್ತೀಯ, ನೋಡನಾ ಅಂತ."

ಆಮೇಲೆ ನಾನು ಏನೋ ಹೇಳಿದೆ. ಅದನ್ನು ಇಲ್ಲಿ ಬರೆಯಲು ಮೂರು ಸಲ ಪ್ರಯತ್ನಪಟ್ಟೆ. ಮೂರು ಸಲವೂ ಹೇಳಬೇಕಾಗಿದ್ದದ್ದು ಬಂತು, ಹೇಳಿದ್ದು ಬರಲಿಲ್ಲ. ಅವರು ಪೂರ್ತಿ ಕೇಳಿಸಿಕೊಂಡರೋ ಇಲ್ಲವೋ ಅದೂ ಗೊತ್ತಿಲ್ಲ. ಕಣದಲ್ಲಿ ಮೆಣಸು ಹರವಬೇಕು, ಬಿಸಿಲು ಬಂತು ಎಂದು ಹೇಳಿ ಏರು ಹತ್ತಿದರು.